ಏಪ್ರಿಲ್ ಮಧ್ಯಾಹ್ನಕ್ಕೂ ತಾಳುವ ಓವರ್‌ಕ್ಲಾಕ್: ಮೊದಲ ಸಲ ಮಾಡುವವರಿಗೆ

"ಮನೆಯಲ್ಲೇ ಪಿಸಿ ಜೋಡಿಸಿದ್ದೀನಿ, ಪ್ರೊಸೆಸರ್ ಓವರ್‌ಕ್ಲಾಕ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ?" ತುಮಕೂರಿನ ಓದುಗರು, ಅದರಲ್ಲೂ ಇಂಜಿನಿಯರಿಂಗ್ ಓದುತ್ತಿರುವವರು, ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಇದರ ಬಗ್ಗೆ ವಿಡಿಯೊಗಳಿಗೇನೂ ಬರವಿಲ್ಲ. ಆದರೆ ಬಹಳಷ್ಟು ವಿಡಿಯೊಗಳು ತಣ್ಣನೆಯ ಏಸಿ ರೂಮಿನಲ್ಲಿ ಮಾಡಿದವು. ನಿಮ್ಮ ಪಿಸಿ ಇರುವುದು ಮಹಡಿ ಮೇಲಿನ ರೂಮಿನಲ್ಲಿ. ತಲೆ ಮೇಲೆ ಬಿಸಿಲಿಗೆ ಕಾದ ತಾರಸಿ, ಏಪ್ರಿಲ್ ಬಂದರೆ ಹೊರಗೆ 36, 37 ಡಿಗ್ರಿ. ಡಿಸೆಂಬರ್ ರಾತ್ರಿ ಚೆನ್ನಾಗಿ ಓಡಿದ ಸೆಟ್ಟಿಂಗ್ ಆ ಹೊತ್ತಿಗೆ ಕೈಕೊಡುತ್ತದೆ. ನನಗೂ ಹಾಗೇ ಆಗಿತ್ತು. ಚಳಿಗಾಲದಲ್ಲಿ ಮೂರು ತಿಂಗಳು ಒಂದು ತೊಂದರೆಯೂ ಇಲ್ಲದೆ ಓಡಿದ್ದ ಮೆಷಿನ್, ಬೇಸಿಗೆಯಲ್ಲಿ ವಿಡಿಯೊ ರೆಂಡರ್ ಮಾಡುವಾಗ ಅರ್ಧಕ್ಕೇ ನಿಂತುಹೋಯಿತು. ಅದಕ್ಕೇ ಇಲ್ಲಿ ಪ್ರತಿ ಹಂತದಲ್ಲೂ ನಮ್ಮೂರಿನ ಬೇಸಿಗೆಯನ್ನು ಲೆಕ್ಕಕ್ಕೆ ಹಿಡಿದಿದ್ದೇನೆ.

ಓವರ್‌ಕ್ಲಾಕ್ ಅಂದರೆ ಏನು?

ಪ್ರೊಸೆಸರ್‌ನ ವೇಗ ಎರಡು ಅಂಕಿಗಳ ಗುಣಾಕಾರ. ಒಂದು ಬೇಸ್ ಕ್ಲಾಕ್, ಅದು ಇವತ್ತಿನ ಮದರ್‌ಬೋರ್ಡುಗಳಲ್ಲಿ 100 ಮೆಗಾಹರ್ಟ್ಸ್. ಇನ್ನೊಂದು ಮಲ್ಟಿಪ್ಲೈಯರ್, ಅಂದರೆ ಅದನ್ನು ಎಷ್ಟರಿಂದ ಗುಣಿಸಬೇಕು ಅನ್ನುವ ಅಂಕಿ. 100 ಗುಣಿಲೆ 42 ಅಂದರೆ 4,200 ಮೆಗಾಹರ್ಟ್ಸ್, ಅಂದರೆ 4.2 ಗಿಗಾಹರ್ಟ್ಸ್. ಕಂಪನಿ ಇಟ್ಟಿದ್ದಕ್ಕಿಂತ ದೊಡ್ಡ ಮಲ್ಟಿಪ್ಲೈಯರ್ ನಾವೇ ಇಟ್ಟರೆ ಅದೇ ಓವರ್‌ಕ್ಲಾಕ್. ಬೇಸ್ ಕ್ಲಾಕ್ ಮಾತ್ರ ಮುಟ್ಟಬೇಡಿ. ಅದನ್ನು ಬದಲಿಸಿದರೆ ಬೇರೆ ಭಾಗಗಳ ವೇಗವೂ ಏರುಪೇರಾಗಬಹುದು.

ಎಷ್ಟು ಲಾಭ ಸಿಗುತ್ತದೆ ಅನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಪ್ರೊಸೆಸರನ್ನು ಜನ 300ರಿಂದ 450 ಮೆಗಾಹರ್ಟ್ಸ್‌ಗೆ ಏರಿಸುತ್ತಿದ್ದರು. ಅದು ಶೇಕಡಾ 50ರಷ್ಟು ಲಾಭ! ಈಗ ಅಂಥದ್ದನ್ನು ನಿರೀಕ್ಷಿಸಬೇಡಿ. ಈಗಿನ ಪ್ರೊಸೆಸರ್‌ಗಳು ಕೆಲಸ ಬಿದ್ದಾಗ ತಾವೇ ವೇಗ ಏರಿಸಿಕೊಳ್ಳುತ್ತವೆ, ಅದಕ್ಕೆ ಬೂಸ್ಟ್ ಅನ್ನುತ್ತಾರೆ. ನಮಗೆ ಉಳಿಯುವುದು ಶೇಕಡಾ ಐದರ ಆಸುಪಾಸು. ರೆಂಡರ್ 100 ನಿಮಿಷದ ಬದಲು 95 ನಿಮಿಷಕ್ಕೆ ಮುಗಿಯಬಹುದು. ಆದರೂ ಮಾಡಿ ನೋಡಿ ಎಂದೇ ಹೇಳುತ್ತೇನೆ. ವೋಲ್ಟೇಜ್, ಶಾಖ, ವೇಗ ಈ ಮೂರಕ್ಕೂ ಇರುವ ಸಂಬಂಧ ಪುಸ್ತಕದಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ಇಲ್ಲಿ ತಲೆಗೆ ಹೋಗುತ್ತದೆ.

ಉದಾಹರಣೆಗೆ ನಾನು ಎಎಂಡಿ ರೈಜೆನ್ 5 3600 ತೆಗೆದುಕೊಂಡಿದ್ದೇನೆ. 2019ರಲ್ಲಿ ಬಂದದ್ದು, ಆರು ಕೋರ್ (ಒಂದೇ ಚಿಪ್ಪಿನೊಳಗೆ ಬೇರೆ ಬೇರೆಯಾಗಿ ಲೆಕ್ಕ ಮಾಡುವ ಭಾಗಗಳು), ಬೇಸ್ ವೇಗ 3.6 ಗಿಗಾಹರ್ಟ್ಸ್, ಬೂಸ್ಟ್ 4.2. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಕಲಿಯಲು ಇಂಥ ಹಳೆಯದೇ ಒಳ್ಳೆಯದು. ಕೊಳ್ಳುವಾಗ ತಿರುಗಿಸಿ ಕೆಳಗಿನ ಪಿನ್ನುಗಳನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಪಿನ್ ಬಾಗಿದ್ದರೂ ಬೇಡ.

ಹಂತ 1: ನಿಮ್ಮ ಪಿಸಿಯಲ್ಲಿ ಇದು ಆಗುತ್ತದಾ?

ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಕೆ' ಇರುವ ಪ್ರೊಸೆಸರ್ ಬೇಕು, 12600ಕೆ ಥರದ್ದು. ಜೊತೆಗೆ ಬೋರ್ಡ್ 'ಝಡ್' ಸರಣಿಯದ್ದಾಗಿರಬೇಕು, ಝಡ್690, ಝಡ್790 ಹೀಗೆ. ಕೆ ಪ್ರೊಸೆಸರ್ ತಂದು ಬಿ660 ಬೋರ್ಡ್‌ಗೆ ಹಾಕಿದವರು ನನಗೆ ಆಗಾಗ ಬರೆಯುತ್ತಾರೆ. ಅದರಲ್ಲಿ ಪ್ರೊಸೆಸರ್‌ನ ಮಲ್ಟಿಪ್ಲೈಯರ್ ಏರಿಸಲು ಬರುವುದಿಲ್ಲ.

ಎಎಂಡಿಯಲ್ಲಿ ಬಹುತೇಕ ರೈಜೆನ್‌ಗಳು ಮಲ್ಟಿಪ್ಲೈಯರ್‌ಗೆ ಲಾಕ್ ಇಲ್ಲದವು. 5800ಎಕ್ಸ್3ಡಿ ಥರ ಕೆಲವು ಮಾತ್ರ ಲಾಕ್ ಆಗಿವೆ. ಬೋರ್ಡ್ ಬಿ450, ಬಿ550, ಎಕ್ಸ್570, ಬಿ650 ಆದರೆ ಸರಿ. ಎ320, ಎ520, ಎ620 ಆದರೆ ಆಗುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ವಾರಂಟಿ ವಿಷಯ ಗೊತ್ತಿರಲಿ: ಓವರ್‌ಕ್ಲಾಕ್‌ನಿಂದ ಆದ ಹಾನಿಗೆ ಎಎಂಡಿ ವಾರಂಟಿ ಕೊಡುವುದಿಲ್ಲ. ಇಂಟೆಲ್ ಇದಕ್ಕೆಂದೇ ಬೇರೆ ಒಂದು ರಕ್ಷಣಾ ಪ್ಲಾನ್ ಮಾರುತ್ತಿತ್ತು, 2021ರಲ್ಲಿ ಅದನ್ನೂ ನಿಲ್ಲಿಸಿತು.

ಬೋರ್ಡಿನ ವಿಆರ್‌ಎಂ ಮೇಲೂ ಕಣ್ಣು ಹಾಯಿಸಿ. ವಿಆರ್‌ಎಂ ಅಂದರೆ ಪವರ್ ಸಪ್ಲೈಯಿಂದ ಬರುವ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ ಒಂದು ಚಿಲ್ಲರೆ ವೋಲ್ಟ್‌ಗೆ ಇಳಿಸುವ ಭಾಗ, ಪ್ರೊಸೆಸರ್ ಪಕ್ಕದಲ್ಲೇ ಸಾಲಾಗಿ ಇರುತ್ತದೆ. ಅದರ ಮೇಲೆ ಲೋಹದ ಹೀಟ್‌ಸಿಂಕ್ ಇರಬೇಕು. ಬರಿಮೈಯಲ್ಲಿದ್ದರೆ ಓವರ್‌ಕ್ಲಾಕ್ ಆಸೆ ಬಿಡಿ. ನಮ್ಮ ಸೆಕೆಗೆ ಪ್ರೊಸೆಸರ್‌ಗಿಂತ ಮೊದಲು ಅದೇ ಸೋಲುತ್ತದೆ.

ಹಂತ 2: ಮನೆಯ ಕರೆಂಟ್

ಇದನ್ನು ಯಾವ ವಿಡಿಯೊದಲ್ಲೂ ಸರಿಯಾಗಿ ಹೇಳುವುದಿಲ್ಲ. ಪಿಸಿ ಆನ್ ಇರುವಾಗ ಕ್ಯಾಬಿನೆಟ್‌ನ ಲೋಹ ಮುಟ್ಟಿದರೆ ಜುಮ್ ಅನ್ನುತ್ತದಾ? ಹಾಗಿದ್ದರೆ ಆ ಸಾಕೆಟ್‌ಗೆ ಅರ್ಥಿಂಗ್ ಇಲ್ಲ, ಅಥವಾ ಇದ್ದರೂ ಕೆಟ್ಟಿದೆ. ಹಳೆಯ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇರುತ್ತದೆ, ಮೂರನೇ ಪಿನ್ನಿಗೆ ತಂತಿಯೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಸರಿ ಮಾಡಿಸಿ, ಆಮೇಲೆ ಮುಂದಿನ ಮಾತು. ಕೆಲಸ ಕೆಟ್ಟರೆ ಪ್ರೊಸೆಸರ್ ಹೋಗಬಹುದು, ಜೀವಕ್ಕೆ ತೊಂದರೆ ಆಗಬಾರದು.

ಯುಪಿಎಸ್ ಇರಲಿ. ಆದರೆ 600 ವಿಎ ಎಂದು ಬರೆದಿದ್ದರೆ 600 ವ್ಯಾಟ್ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದು 360 ವ್ಯಾಟ್ ಮಾತ್ರ. ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿ ಪೂರ್ತಿ ಲೋಡಿನಲ್ಲಿ ಓಡುವಾಗ ಕರೆಂಟ್ ಹೋದರೆ ಅದು ಹೊರಲಾರದೆ ಆಫ್ ಆಗುತ್ತದೆ. ಆಗ ತಪ್ಪು ಓವರ್‌ಕ್ಲಾಕಿನದ್ದೋ ಯುಪಿಎಸ್‌ನದ್ದೋ ಗೊತ್ತಾಗದೆ ಒದ್ದಾಡುತ್ತೀರಿ.

ಹಂತ 3: ಧೂಳು, ಕೂಲರ್, ಪೇಸ್ಟ್

ಕ್ಯಾಬಿನೆಟ್ ಬಿಚ್ಚಿ ಬ್ಲೋವರ್‌ನಿಂದ ಧೂಳು ಹೊಡೆಯಿರಿ. ಹೊಡೆಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ.

3600 ಜೊತೆ ಡಬ್ಬದಲ್ಲಿ ಬರುವ ಚಿಕ್ಕ ಕೂಲರ್ ಓವರ್‌ಕ್ಲಾಕ್‌ಗೆ ಸಾಲದು. ನಾಲ್ಕು ತಾಮ್ರದ ಪೈಪು, 120 ಮಿಲಿಮೀಟರ್ ಫ್ಯಾನ್ ಇರುವ ಟವರ್ ಕೂಲರ್ ಹಾಕಿಸಿ. ಎರಡು ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ.

ಹಳೆಯ ಕೂಲರ್ ತೆಗೆಯುವಾಗ ಎಚ್ಚರ. 3600 ಕೂರುವ ಎಎಂ4 ಸಾಕೆಟ್‌ನಲ್ಲಿ ಪಿನ್ನುಗಳು ಪ್ರೊಸೆಸರ್‌ನಲ್ಲೇ ಇರುತ್ತವೆ. ಕೂಲರ್ ಮತ್ತು ಪ್ರೊಸೆಸರ್ ನಡುವೆ ಹಚ್ಚಿದ ಪೇಸ್ಟ್ ಒಣಗಿ ಅಂಟಾಗಿರುತ್ತದೆ. ಸುಮ್ನೆ ಮೇಲಕ್ಕೆ ಎಳೆದರೆ ಪ್ರೊಸೆಸರ್ ಕೂಲರ್ ಜೊತೆಗೇ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ. ಮೊದಲು ಹತ್ತು ನಿಮಿಷ ಪಿಸಿ ಓಡಿಸಿ ಪೇಸ್ಟ್ ಬಿಸಿ ಮಾಡಿ. ಆಫ್ ಮಾಡಿ, ವೈರ್ ಕಿತ್ತು, ಕೂಲರನ್ನು ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುವಿ. ಸಡಿಲವಾದ ಮೇಲೆ ಎತ್ತಿ.

ಹೊಸ ಪೇಸ್ಟ್ ಒಂದು ಬಟಾಣಿ ಕಾಳಿನಷ್ಟು ಸಾಕು. ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ದಪ್ಪಗೆ ಹಚ್ಚಬೇಡಿ. ಪೇಸ್ಟಿನ ಕೆಲಸ ಎರಡು ಲೋಹಗಳ ನಡುವಿನ ಸಣ್ಣ ಸಂದು ತುಂಬುವುದಷ್ಟೇ.

ಹಂತ 4: ಮುಟ್ಟುವ ಮೊದಲು ಬರೆದಿಡಿ

ಮುಖ್ಯ ಫೈಲುಗಳ ಬ್ಯಾಕಪ್ ತೆಗೆದುಕೊಳ್ಳಿ. ಇದನ್ನು ಬಿಡಲೇಬೇಡಿ. ಅಸ್ಥಿರವಾದ ಪ್ರೊಸೆಸರ್ ಫೈಲು ಬರೆಯುವಾಗ ತಪ್ಪು ಮಾಡಿದರೆ ವಿಂಡೋಸೇ ಕೆಡಬಹುದು.

ಬಯೋಸ್ ಅಂದರೆ ವಿಂಡೋಸ್ ಶುರುವಾಗುವ ಮೊದಲೇ ಎದ್ದೇಳುವ, ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್. ಬೋರ್ಡ್ ಕಂಪನಿಯ ಸೈಟಿನಿಂದ ಹೊಸ ಬಯೋಸ್ ಹಾಕಿಕೊಳ್ಳಿ. ಇದು ಸುಮ್ನೆ ಶಾಸ್ತ್ರಕ್ಕೆ ಹೇಳಿದ್ದಲ್ಲ. 2023ರಲ್ಲಿ ಕೆಲವು ರೈಜೆನ್ 7000 ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟುಹೋದಾಗ, ಎಎಂಡಿ ಹೊಸ ಬಯೋಸ್ ಮೂಲಕ ಎಸ್‌ಒಸಿ ವೋಲ್ಟೇಜಿಗೆ (ಪ್ರೊಸೆಸರ್ ಒಳಗೆ ರ‍್ಯಾಮ್ ನೋಡಿಕೊಳ್ಳುವಂಥ ಭಾಗಗಳಿಗೆ ಹೋಗುವ ವೋಲ್ಟೇಜ್) 1.3 ವೋಲ್ಟ್ ಮಿತಿ ಹಾಕಿತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಜಾಸ್ತಿ ವೋಲ್ಟೇಜಿನಿಂದ ಹಾಳಾಗುತ್ತಿದ್ದದ್ದಕ್ಕೂ ಪರಿಹಾರ ಬಂದದ್ದು ಬಯೋಸ್ ಮೂಲಕವೇ. ಒಂದೇ ಎಚ್ಚರಿಕೆ: ಬಯೋಸ್ ಅಪ್‌ಡೇಟ್ ಅರ್ಧದಲ್ಲಿದ್ದಾಗ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು. ಗುಡುಗು ಮಳೆಯ ಸಂಜೆ ಆ ಕೆಲಸ ಬೇಡ, ಯುಪಿಎಸ್ ಚಾರ್ಜ್ ಇರುವಾಗ ಮಾಡಿ.

ಈಗ ಮೂರು ಉಚಿತ ಸಾಫ್ಟ್‌ವೇರ್ ಇಳಿಸಿಕೊಳ್ಳಿ: ಎಚ್‌ಡಬ್ಲ್ಯುಇನ್ಫೋ, ಸಿನೆಬೆಂಚ್ ಆರ್23, ಪ್ರೈಮ್95. ಮೊದಲನೆಯದು ಶಾಖ ಮತ್ತು ವೋಲ್ಟೇಜ್ ತೋರಿಸುತ್ತದೆ. ಎರಡನೆಯದು ಚಿತ್ರ ರೆಂಡರ್ ಮಾಡಿಸಿ ಸ್ಕೋರ್ ಕೊಡುತ್ತದೆ. ಮೂರನೆಯದು ಪ್ರೊಸೆಸರ್‌ನಿಂದ ಭಾರೀ ಲೆಕ್ಕ ಮಾಡಿಸುತ್ತದೆ.

ಏನೂ ಬದಲಿಸದೆ ಸಿನೆಬೆಂಚ್‌ನ ಹತ್ತು ನಿಮಿಷದ ಟೆಸ್ಟ್ ಓಡಿಸಿ. ನೋಟ್‌ಬುಕ್‌ನಲ್ಲಿ ನಾಲ್ಕು ಅಂಕಿ ಬರೆಯಿರಿ: ಸ್ಕೋರ್, ಅತಿ ಹೆಚ್ಚಿನ ಶಾಖ, ಲೋಡಿನಲ್ಲಿದ್ದಾಗಿನ ವೋಲ್ಟೇಜ್, ಮತ್ತು ರೂಮಿನ ಶಾಖ. ರೂಮಿನ ಶಾಖಕ್ಕೆ ಗೋಡೆಗೆ ನೇತುಹಾಕುವ ಥರ್ಮಾಮೀಟರ್ ಸಾಕು. ಈ ನಾಲ್ಕನೇ ಅಂಕಿಯನ್ನು ಎಲ್ಲರೂ ಬಿಡುತ್ತಾರೆ. ಆದರೆ ಕೊನೆಗೆ ನಮಗೆ ಬೇಕಾಗುವುದೇ ಅದು. 3600ರಲ್ಲಿ ವೋಲ್ಟೇಜ್ ನೋಡುವಾಗ ಎಚ್‌ಡಬ್ಲ್ಯುಇನ್ಫೋದ 'ಎಸ್‌ವಿಐ2 ಟಿಎಫ್‌ಎನ್' ಎಂದಿರುವ ಸಾಲನ್ನು ನಂಬಿ.

ಇಲ್ಲೇ ಇನ್ನೊಂದು ವಿಷಯ. ನಿಮ್ಮ ರ‍್ಯಾಮ್‌ನ ಎಕ್ಸ್‌ಎಂಪಿ ಆನ್ ಇದೆಯಾ? ಅದು ರ‍್ಯಾಮನ್ನು ಡಬ್ಬದ ಮೇಲೆ ಬರೆದ ವೇಗಕ್ಕೆ ತರುವ ಸೆಟ್ಟಿಂಗ್. ಅದು ಆಫ್ ಇದ್ದರೆ 3200ರ ರ‍್ಯಾಮ್ 2133ಕ್ಕೋ 2666ಕ್ಕೋ ಓಡುತ್ತಿರುತ್ತದೆ. ಎಷ್ಟೋ ಪಿಸಿಗಳಲ್ಲಿ ಓವರ್‌ಕ್ಲಾಕ್‌ಗಿಂತ ಇದರ ಲಾಭವೇ ಜಾಸ್ತಿ. ಆನ್ ಮಾಡಿ, ಎರಡು ದಿನ ಬಳಸಿ, ತೊಂದರೆ ಇಲ್ಲ ಎಂದು ಖಾತ್ರಿಯಾದ ಮೇಲೆ ಮುಂದಿನ ಹಂತಕ್ಕೆ ಬನ್ನಿ. ಎರಡನ್ನೂ ಒಂದೇ ದಿನ ಬದಲಿಸಿದರೆ ತಪ್ಪು ಯಾವುದರದ್ದು ಎಂದು ಹುಡುಕುವುದೇ ಕೆಲಸವಾಗುತ್ತದೆ.

ಹಂತ 5: ಮಲ್ಟಿಪ್ಲೈಯರ್ ಮತ್ತು ವೋಲ್ಟೇಜ್

ಪಿಸಿ ಆನ್ ಆಗುವಾಗ ಡಿಲೀಟ್ ಕೀ ಒತ್ತುತ್ತಾ ಇದ್ದರೆ ಬಯೋಸ್ ತೆರೆಯುತ್ತದೆ. ಏಸಸ್ ಬೋರ್ಡಿನಲ್ಲಿ 'ಎಐ ಟ್ವೀಕರ್', ಎಂಎಸ್‌ಐನಲ್ಲಿ 'ಓಸಿ', ಗಿಗಾಬೈಟ್‌ನಲ್ಲಿ 'ಟ್ವೀಕರ್', ಎಎಸ್‌ರಾಕ್‌ನಲ್ಲಿ 'ಓಸಿ ಟ್ವೀಕರ್' ಎಂಬ ಭಾಗ ಹುಡುಕಿ.

ಮೊದಲು ವೋಲ್ಟೇಜ್ ನೀವೇ ಕೈಯಾರೆ ನಿಗದಿ ಮಾಡಿ. ಹೊಸಬರು ಮಾಡುವ ದೊಡ್ಡ ತಪ್ಪು ಅಂದರೆ ಮಲ್ಟಿಪ್ಲೈಯರ್ ಏರಿಸಿ ವೋಲ್ಟೇಜನ್ನು 'ಆಟೊ'ದಲ್ಲೇ ಬಿಡುವುದು. ಆಗ ಬೋರ್ಡ್ ಬೇಕಿದ್ದಕ್ಕಿಂತ ಎಷ್ಟೋ ಹೆಚ್ಚು ವೋಲ್ಟೇಜ್ ಕೊಟ್ಟುಬಿಡಬಹುದು. 3600ಕ್ಕೆ 1.25 ವೋಲ್ಟ್‌ನಿಂದ ಶುರು ಮಾಡಿ, ಮಲ್ಟಿಪ್ಲೈಯರ್ 40 ಇಡಿ. ಸೇವ್ ಮಾಡಿ ವಿಂಡೋಸ್‌ಗೆ ಬನ್ನಿ, ಸಿನೆಬೆಂಚ್ ಹತ್ತು ನಿಮಿಷ ಓಡಿಸಿ. ಪಾಸ್ ಆಯಿತಾ? ಬರೆದುಕೊಳ್ಳಿ. ಮತ್ತೆ ಬಯೋಸ್‌ಗೆ ಹೋಗಿ 40.5. ಮತ್ತೆ ಟೆಸ್ಟ್. ಆಮೇಲೆ 41. ಅಲ್ಲಿಂದ ಮೇಲೆ 0.25ರಂತೆ, ಅಂದರೆ 25 ಮೆಗಾಹರ್ಟ್ಸ್‌ನಂತೆ ಮಾತ್ರ ಏರಿ.

ಒಂದು ಕಡೆ ಫೇಲ್ ಆಗೇ ಆಗುತ್ತದೆ. ನೀಲಿ ಸ್ಕ್ರೀನ್ ಬರಬಹುದು, ಪಿಸಿ ತಾನಾಗಿ ರೀಸ್ಟಾರ್ಟ್ ಆಗಬಹುದು, ಸಿನೆಬೆಂಚ್ ಹೇಳದೆ ಕೇಳದೆ ಮುಚ್ಚಿಕೊಳ್ಳಬಹುದು. ಹೆದರಬೇಡಿ, ಇದರಿಂದ ಏನೂ ಸುಡುವುದಿಲ್ಲ. ಆ ವೇಗಕ್ಕೆ ಆ ವೋಲ್ಟೇಜ್ ಸಾಲುತ್ತಿಲ್ಲ ಎಂದಷ್ಟೇ ಅರ್ಥ. ವೋಲ್ಟೇಜನ್ನು 0.0125 ಏರಿಸಿ ಮತ್ತೆ ನೋಡಿ. ಇನ್ನೊಂದು ಸೂಕ್ಷ್ಮ ಇದೆ: ವೇಗ ಏರಿದಂತೆ ಸ್ಕೋರ್ ಕೂಡ ಏರಬೇಕು. ವೇಗ 4.15 ಎಂದು ತೋರಿಸುತ್ತಾ ಸ್ಕೋರ್ ಇಳಿದಿದ್ದರೆ ವೋಲ್ಟೇಜ್ ಸಾಲದೆ ಪ್ರೊಸೆಸರ್ ಒಳಗೊಳಗೇ ನಿಧಾನವಾಗಿದೆ ಎಂದು ತಿಳಿಯಿರಿ.

3600ರಲ್ಲಿ 1.30 ವೋಲ್ಟ್ ದಾಟಬೇಡಿ. "ಆಟೊದಲ್ಲಿದ್ದಾಗ 1.45 ತೋರಿಸುತ್ತಿತ್ತಲ್ಲ, ಹಾಗಾದರೆ 1.4 ಇಡಬಹುದು ಅಲ್ವಾ?" ಎಂದು ಕೇಳುತ್ತೀರಿ. ಬೇಡ. ಆಟೊದಲ್ಲಿ 1.45 ಬರುವುದು ಒಂದೆರಡು ಕೋರ್‌ಗಳು ಹಗುರವಾದ ಕೆಲಸ ಮಾಡುವಾಗ, ಕರೆಂಟ್ ಕಡಿಮೆ ಹರಿಯುವಾಗ. ಆರೂ ಕೋರ್ ದುಡಿಯುವಾಗ ಅದನ್ನು ಪ್ರೊಸೆಸರ್ ತಾನೇ ಇಳಿಸಿಕೊಳ್ಳುತ್ತದೆ. ನೀವು ನಿಗದಿ ಮಾಡಿದ 1.4 ಮಾತ್ರ ಎಂಥ ಲೋಡಿನಲ್ಲೂ ಹೆಚ್ಚುಕಡಿಮೆ ಹಾಗೇ ನಿಲ್ಲುತ್ತದೆ. ತಿಂಗಳುಗಟ್ಟಲೆ ಹಾಗೆ ಓಡಿದರೆ ಚಿಪ್ಪಿನೊಳಗಿನ ಸೂಕ್ಷ್ಮ ತಂತಿಗಳು ಸವೆಯುತ್ತವೆ. ಮೊದಲು 4.2ಕ್ಕೆ ನಿಂತಿದ್ದ ಪ್ರೊಸೆಸರ್ ಆಮೇಲೆ 4.0ಕ್ಕೂ ನಿಲ್ಲುವುದಿಲ್ಲ.

ಶಾಖದ ಲೆಕ್ಕವೂ ಇಲ್ಲೇ ಇದೆ. ಪ್ರೊಸೆಸರ್ ಎಳೆಯುವ ಪವರ್ ಹೆಚ್ಚುಕಡಿಮೆ ವೇಗದ ಜೊತೆ ಒಂದು ಸಲ, ವೋಲ್ಟೇಜ್ ಜೊತೆ ಎರಡು ಸಲ ಗುಣಾಕಾರವಾಗುತ್ತದೆ. ವೇಗ ಶೇಕಡಾ 5, ವೋಲ್ಟೇಜ್ ಶೇಕಡಾ 10 ಏರಿಸಿದಿರಿ ಅಂದುಕೊಳ್ಳಿ. 1.05 × 1.1 × 1.1, ಸುಮಾರು 1.27. ಐದು ಭಾಗ ವೇಗಕ್ಕೆ 27 ಭಾಗ ಜಾಸ್ತಿ ಶಾಖ! ಹಾಗಾಗಿ ಕೊನೆಯ 50 ಮೆಗಾಹರ್ಟ್ಸ್‌ಗೆ ವೋಲ್ಟೇಜ್ ಜಾಸ್ತಿ ಬೇಡಿದರೆ ಅದನ್ನು ಬಿಟ್ಟುಬಿಡಿ. ಒಂದೇ ಮಾಡೆಲ್‌ನ ಎರಡು ಪ್ರೊಸೆಸರ್ ಕೂಡ ಒಂದೇ ಥರ ಇರುವುದಿಲ್ಲ. ಗೆಳೆಯನದ್ದು 4.2ಕ್ಕೆ ನಿಂತಿತು, ನಿಮ್ಮದು 4.1ಕ್ಕೇ ನಿಂತರೆ ನಿಮ್ಮ ತಪ್ಪೇನೂ ಇಲ್ಲ.

ಎಲ್‌ಎಲ್‌ಸಿ ಅನ್ನುವ ಸೆಟ್ಟಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. ತೋಟದಲ್ಲಿ ಪಂಪ್‌ಸೆಟ್ ಆನ್ ಮಾಡಿದಾಗ ಶೆಡ್ಡಿನ ಬಲ್ಬು ಮಂಕಾಗುವುದನ್ನು ನೋಡಿದ್ದೀರಲ್ಲ? ಲೋಡ್ ಬಿದ್ದಾಗ ವೋಲ್ಟೇಜ್ ಇಳಿಯುತ್ತದೆ. ಪ್ರೊಸೆಸರ್‌ಗೂ ಹಾಗೇ. ಬಯೋಸ್‌ನಲ್ಲಿ 1.28 ಇಟ್ಟರೂ ಲೋಡಿನಲ್ಲಿ 1.24 ಆಗಬಹುದು. ಆ ಇಳಿತವನ್ನು ಎಷ್ಟು ತಡೆಯಬೇಕು ಎಂದು ಹೇಳುವುದೇ ಎಲ್‌ಎಲ್‌ಸಿ. ಮಧ್ಯದ ಮಟ್ಟದಲ್ಲಿಡಿ. ಪೂರ್ತಿ ತಡೆಯುವ ಮಟ್ಟದಲ್ಲಿಟ್ಟರೆ ಲೋಡ್ ಬಿಟ್ಟ ಕ್ಷಣ ವೋಲ್ಟೇಜ್ ನೀವು ಇಟ್ಟಿದ್ದಕ್ಕಿಂತ ಮೇಲೆ ಹಾರುತ್ತದೆ. ಗಮನಿಸಿ, ಕೆಲವು ಕಂಪನಿಗಳಲ್ಲಿ 1 ಅಂದರೆ ಅತಿ ಹೆಚ್ಚು, ಕೆಲವುದರಲ್ಲಿ 1 ಅಂದರೆ ಅತಿ ಕಡಿಮೆ. ಪಕ್ಕದಲ್ಲಿ ಗ್ರಾಫ್ ಇದ್ದರೆ ಅದನ್ನು ನೋಡಿ ಇಡಿ.

ಹಂತ 6: ಪಿಸಿ ಏಳದಿದ್ದರೆ

ಸ್ಕ್ರೀನ್ ಕಪ್ಪಾಗೇ ಉಳಿದರೆ ಮೊದಲು ಎರಡು ಮೂರು ನಿಮಿಷ ಕಾಯಿರಿ. ಎಷ್ಟೋ ಬೋರ್ಡುಗಳು ತಾವೇ ಹಳೆಯ ಸೆಟ್ಟಿಂಗ್‌ಗೆ ಮರಳುತ್ತವೆ. ಆಗದಿದ್ದರೆ ಆಫ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ. ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಬಯೋಸ್ ಮೊದಲಿನಂತಾಗುತ್ತದೆ. ಬ್ಯಾಟರಿಯ ಹೆಸರು ಸಿಆರ್2032, ಹಳೆಯದಾಗಿದ್ದರೆ ವಾಚ್ ಅಂಗಡಿಯಲ್ಲಿ ಹೊಸದು ಸಿಗುತ್ತದೆ.

ಹಂತ 7: ಉದ್ದದ ಪರೀಕ್ಷೆ

ಸಿನೆಬೆಂಚ್ ಪಾಸಾದರೆ ಕೆಲಸ ಮುಗಿಯಿತು ಎಂದಲ್ಲ. ಅತಿ ಕೆಟ್ಟ ಅಸ್ಥಿರತೆ ಅಂದರೆ ಸದ್ದಿಲ್ಲದೆ ಲೆಕ್ಕ ತಪ್ಪುವುದು. ಪ್ರೈಮ್95 ಇರುವುದೇ ಇದನ್ನು ಹಿಡಿಯಲು. ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಮಾಡಿದ ಸಾಫ್ಟ್‌ವೇರ್ ಅದು. ಅದರ ಟಾರ್ಚರ್ ಟೆಸ್ಟ್‌ನಲ್ಲಿ ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಮಾಡಿಸಿ ತಾಳೆ ನೋಡುತ್ತದೆ. ತಪ್ಪಾದರೆ ಆ ಕೋರಿನ ಕೆಲಸ ನಿಲ್ಲಿಸಿ ದೋಷ ತೋರಿಸುತ್ತದೆ. ಒಂದು ಗಂಟೆ ಓಡಿಸಿ. ಶಾಖ 90 ದಾಟಿದರೆ ತಕ್ಷಣ ನಿಲ್ಲಿಸಿ. 3600ರ ಗರಿಷ್ಠ ಮಿತಿ 95 ಡಿಗ್ರಿ. ಓಡುವಾಗ ಎಚ್‌ಡಬ್ಲ್ಯುಇನ್ಫೋದ ತಳದಲ್ಲಿರುವ 'ವಿಂಡೋಸ್ ಹಾರ್ಡ್‌ವೇರ್ ಎರರ್' ಸಾಲು ಸೊನ್ನೆಯಲ್ಲೇ ಇರಬೇಕು. ಒಂದು ಬಂದರೂ ಮಲ್ಟಿಪ್ಲೈಯರ್ 0.25 ಇಳಿಸಿ ಮತ್ತೆ ಮೊದಲಿಂದ ಟೆಸ್ಟ್ ಮಾಡಿ.

ಹಂತ 8: ಏಪ್ರಿಲ್ ಲೆಕ್ಕ

ಕೂಲರ್ ಮಾಡುವುದು ಶಾಖವನ್ನು ರೂಮಿನ ಗಾಳಿಗೆ ಕೊಡುವ ಕೆಲಸ. ಹಾಗಾಗಿ ರೂಮು ಒಂದು ಡಿಗ್ರಿ ಏರಿದರೆ ಪ್ರೊಸೆಸರ್ ಕೂಡ ಕಡಿಮೆ ಅಂದರೂ ಒಂದು ಡಿಗ್ರಿ ಏರುತ್ತದೆ. ಈಗ ಡಿಸೆಂಬರ್, ರೂಮು 22 ಡಿಗ್ರಿ ಇದೆ ಅಂದುಕೊಳ್ಳಿ. ಬೇಸಿಗೆಯಲ್ಲಿ ಅದೇ ರೂಮು 36 ಆಗುತ್ತದೆ, 14 ಡಿಗ್ರಿ ಜಾಸ್ತಿ. ಬೇಸಿಗೆಯಲ್ಲೂ ಪ್ರೊಸೆಸರ್ 85 ದಾಟಬಾರದು ಅಂದರೆ ಇವತ್ತಿನ ಟೆಸ್ಟ್‌ನಲ್ಲಿ ಅದು 71ರ ಒಳಗೆ ಇರಬೇಕು. ಇವತ್ತು 78 ತೋರಿಸುತ್ತಿದ್ದರೆ ಆ ಸೆಟ್ಟಿಂಗ್ ಚಳಿಗಾಲಕ್ಕೆ ಮಾತ್ರ. ವೇಗ 50 ಮೆಗಾಹರ್ಟ್ಸ್ ಇಳಿಸಿ, ಅದರ ಜೊತೆ ವೋಲ್ಟೇಜೂ ಇಳಿಸಿ, ಮತ್ತೆ ನೋಡಿ. ಬಿಸಿಯಾದಂತೆ ಅದೇ ವೇಗಕ್ಕೆ ಸ್ವಲ್ಪ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಅಂಚಿನಲ್ಲಿ ಪಾಸಾದ ಸೆಟ್ಟಿಂಗ್ ಸೆಕೆಯಲ್ಲಿ ಬೀಳುವುದು ಇದೇ ಕಾರಣಕ್ಕೆ.

ಬೇಸಿಗೆಯಲ್ಲೇ ಮಾಡುತ್ತಿದ್ದರೆ ಇನ್ನೂ ಸುಲಭ. ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ, ನೀವು ದಿನಾ ಬಳಸುವ ಹಾಗೇ ಕಿಟಕಿ, ಫ್ಯಾನ್ ಇಟ್ಟುಕೊಂಡು ಟೆಸ್ಟ್ ಮಾಡಿ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ಮುಚ್ಚಿರಲಿ. ಬಾಗಿಲು ತೆಗೆದು ಟೇಬಲ್ ಫ್ಯಾನ್ ಹಿಡಿದು ಪಾಸ್ ಮಾಡಿಸಿದ್ದು ಲೆಕ್ಕಕ್ಕಿಲ್ಲ. ಕ್ಯಾಬಿನೆಟ್ ಗೋಡೆಯಿಂದ ಒಂದು ಗೇಣು ದೂರ ಇರಲಿ, ಬಿಸಿ ಗಾಳಿ ಹೊರಗೆ ಹೋಗಲು ದಾರಿ ಬೇಕು.

ಹೊಸ ಪ್ರೊಸೆಸರ್ ಇರುವವರಿಗೆ

ರೈಜೆನ್ 5000 ಮತ್ತು ಆಮೇಲಿನವುಗಳಲ್ಲಿ ಎಲ್ಲ ಕೋರ್‌ಗೂ ಒಂದೇ ವೇಗ ಕಟ್ಟಿಹಾಕುವುದು ಬೇಡ ಎನ್ನುವುದು ನನ್ನ ಅಭಿಪ್ರಾಯ. ಅದರಿಂದ ಒಂಟಿ ಕೋರಿನ ಬೂಸ್ಟ್ ಕಳೆದುಕೊಳ್ಳುತ್ತೀರಿ. ಬದಲಿಗೆ ಬಯೋಸ್‌ನ 'ಪಿಬಿಒ' (ಎಎಂಡಿಯ ಬೂಸ್ಟ್ ಮಿತಿಗಳನ್ನು ಸಡಿಲಿಸುವ ಸೆಟ್ಟಿಂಗ್) ಒಳಗಿರುವ 'ಕರ್ವ್ ಆಪ್ಟಿಮೈಜರ್' ಬಳಸಿ. ಅದು ಪ್ರತಿ ವೇಗಕ್ಕೂ ಬೇಕಾದ ವೋಲ್ಟೇಜನ್ನು ಸ್ವಲ್ಪ ಕೆಳಗಿಳಿಸುತ್ತದೆ. ಉಳಿದ ಶಾಖದ ಜಾಗದಲ್ಲಿ ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳುತ್ತದೆ. ಎಲ್ಲ ಕೋರ್‌ಗೂ ಮೈನಸ್ 10 ಇಟ್ಟು ಶುರು ಮಾಡಿ, ಐದೈದರಂತೆ ಇಳಿಸಿ. ನಮ್ಮ ಸೆಕೆಗೆ ಇದೇ ಒಳ್ಳೆಯ ದಾರಿ. ಇದರಲ್ಲಿ ಅಸ್ಥಿರತೆ ಲೋಡಿನಲ್ಲಿ ಅಲ್ಲ, ಸುಮ್ನೆ ಬ್ರೌಸರ್ ತೆರೆದು ಕೂತಾಗ ಬರುವುದುಂಟು. ಅದಕ್ಕೇ ಒಂದು ವಾರ ಮಾಮೂಲಿ ಬಳಕೆ ಮಾಡಿ ನೋಡಿ.

ಇಂಟೆಲ್ ಕೆ ಪ್ರೊಸೆಸರ್‌ಗೂ ಮೇಲಿನ ಹಂತಗಳೇ, ಆದರೆ ಅಲ್ಲಿ ಮಲ್ಟಿಪ್ಲೈಯರ್ ಒಂದೊಂದೇ ಅಂಕಿ, ಅಂದರೆ 100 ಮೆಗಾಹರ್ಟ್ಸ್‌ನಂತೆ ಏರುತ್ತದೆ. 12ನೇ ತಲೆಮಾರಿನಿಂದ ಬಹಳಷ್ಟು ಕೆ ಪ್ರೊಸೆಸರ್‌ಗಳಲ್ಲಿ ದೊಡ್ಡ ಕೋರ್, ಚಿಕ್ಕ ಕೋರ್ ಎಂದು ಎರಡು ಬಗೆ ಇವೆ. ದೊಡ್ಡವನ್ನು ಮಾತ್ರ ಏರಿಸಿ, ಚಿಕ್ಕವು ಹಾಗೇ ಇರಲಿ. 1.25, 1.30 ಎಂದು ನಾನು ಹೇಳಿದ ವೋಲ್ಟೇಜ್ ಅಂಕಿಗಳು 3600ಕ್ಕೆ ಮಾತ್ರ. ನಿಮ್ಮ ಮಾಡೆಲ್‌ನ ಅಂಕಿ ಬೇರೆ.

ಎಲ್ಲ ಮುಗಿದ ಮೇಲೆ ಬಯೋಸ್‌ನಲ್ಲೇ ಆ ಸೆಟ್ಟಿಂಗ್‌ಗಳನ್ನು ಒಂದು ಪ್ರೊಫೈಲ್ ಆಗಿ ಸೇವ್ ಮಾಡಿ. ಮುಂದೆ ಬಯೋಸ್ ಅಪ್‌ಡೇಟ್ ಮಾಡಿದರೆ ಆ ಪ್ರೊಫೈಲೂ ಅಳಿಸಿ ಹೋಗಬಹುದು. ಆದ್ದರಿಂದ ಮಲ್ಟಿಪ್ಲೈಯರ್, ವೋಲ್ಟೇಜ್, ಎಲ್‌ಎಲ್‌ಸಿ ಮಟ್ಟ, ಟೆಸ್ಟ್ ಮಾಡಿದ ದಿನದ ರೂಮಿನ ಶಾಖ, ಪ್ರೊಸೆಸರ್‌ನ ಶಾಖ ಇವೆಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಬಾಗಿಲಿನ ಒಳಗಡೆ ಅಂಟಿಸಿ. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದಾಗ ಬಾಗಿಲು ತೆಗೆದು ಧೂಳು ಹೊಡೆದು, ಸಿನೆಬೆಂಚ್ ಒಂದು ಸಲ ಓಡಿಸಿ, ಚೀಟಿಯ ಅಂಕಿಗಳ ಜೊತೆ ತಾಳೆ ನೋಡಿ. ರೂಮಿನ ಶಾಖ ಏರಿದ್ದಕ್ಕಿಂತ ಪ್ರೊಸೆಸರ್‌ನ ಶಾಖ ಐದು ಡಿಗ್ರಿಗೂ ಜಾಸ್ತಿ ಏರಿದ್ದರೆ, ಫ್ಯಾನ್ ಸರಿಯಾಗಿ ತಿರುಗುತ್ತಿದೆಯಾ ನೋಡಿ, ಪೇಸ್ಟ್ ಬದಲಿಸಿ.